ರೆನ್‌ಫ್ರೋ ಕಣಿವೆಯ ನಾಲ್ಕು ಹೂಗಳು

ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಹೋಗಿಬಂದವರು ನ್ಯೂಯಾರ್ಕಿನ ಗಗನಚುಂಬಿ ಸೌಧಗಳನ್ನೂ ನಯಾಗರದ ಜಲಪಾತವನ್ನೂ ವರ್ಣಿಸುವುದು ವಾಡಿಕೆ. ಕೆಂಟುಕಿ ಸಂಸ್ಥಾನದ ಬೆಟ್ಟಗಾಡು ಅವರ ದಾರಿಯಲ್ಲಿ ಬೀಳುವುದೇ ಅಪರೂಪ. ಬಿದ್ದರೂ ಅಲ್ಲಿ ಇಳಿಯುವವರು ಕಡಮೆ. ನಾವು ಅಲ್ಲಿಗೆ ಹೋದುದು ಒಂದು ಕೊಟ್ಟಿಗೆಯನ್ನು ನೋಡುವುದಕ್ಕಾಗಿ ಎಂದರೆ ವಾಚಕರು ನಕ್ಕಾರು. ಕೊಟ್ಟಿಗೆಯ ಆಕಾರದಲ್ಲಿ ಕಟ್ಟಿದ ಆ ಮರದ ನಾಟ್ಯಶಾಲೆಯಲ್ಲಿ ಹಳ್ಳಿಗಾಡಿನ ಸಂಗೀತವನ್ನು, ಎಂದರೆ ಅಲ್ಲಿಯವರು ಕಂಟ್ರಿ ಮ್ಯೂಸಿಕ್ ಎಂದು ಕರೆಯುವುದನ್ನು, ಕೇಳಲು ದೂರದೂರದಿಂದ ಜನ ಬರುತ್ತಿದ್ದರು. ಅದರ ವೇದಿಕೆಯ ಮೇಲೆ ಅನೇಕ ವರ್ಷ ಮೆರೆದ ಒಂದು ಮೇಳದಲ್ಲಿ ಹಾಡುವವರೂ ನುಡಿಸುವವರೂ ಎಲ್ಲರೂ ಹೆಂಗಸರೇ ಆಗಿದ್ದರು. ಆ ಮೇಳದ ಕಥೆಯೇ ನಮ್ಮನ್ನು ಅಲ್ಲಿಗೆ ಎಳೆದುದು.

ಒಹಾಯೋ ನದಿಯ ದಡದ ಸಿನ್ಸಿನಾಟಿ ಪಟ್ಟಣದಿಂದ ತೆಂಕಣಕ್ಕೆ ಸುಮಾರು 80 ಮೈಲಿ ಹೋದರೆ ಲೆಕ್ಸಿಂಗ್ಟನ್ ಸಿಕ್ಕುವುದು. ಅಲ್ಲಿಯವರೆಗೂ ನೆಲ ಅಲೆಯಲೆಯಾಗಿ ಹಸುರು. ಬಿಳಿಯ ಬೇಲಿಗಳ ಒಳಗೆ ಜಾತಿಕುದುರೆಗಳು ಮೇಯುತ್ತಿರುವುವು. ಅಲ್ಲಿಂದ ಆಗ್ನೇಯಕ್ಕೆ ತಿರುಗಿದೊಡನೆ ಸಿರಿತನವು ಹಿಂದೆ ಸರಿದು ಬೆಟ್ಟಗಳು ಮುಂದೆ ಬರುವುವು. ಪೊವೆಲ್ ಜಿಲ್ಲೆಯ ರೆಡ್ ನದಿಯ ಕಮರಿಗೆ ಹೊಗುವ ದಾರಿಯಲ್ಲಿ ಮರ ಸಾಗಿಸುವ ರೈಲಿಗಾಗಿ ಹಿಂದೆ ಕೊರೆದ ಒಂದು ಸುರಂಗವುಂಟು. 900 ಅಡಿ ಉದ್ದ. ಒಂದು ಸಲಕ್ಕೆ ಒಂದೇ ಗಾಡಿ ಹೋಗಬಹುದು. ಅದರ ಹೆಸರನ್ನು ಬರೆದ ಹಾಗೆ ಓದಿದರೆ ನಮ್ಮ ಕಿವಿಗೆ 'ನಾದ' ಎಂದೇ ಕೇಳುವುದು! ಊರವರು 'ನೇಡ' ಎನ್ನುತ್ತಾರೆ. ಆದರೂ ಸಂಗೀತವನ್ನು ಅರಸಿ ಹೊರಟವರಿಗೆ ಇದಕ್ಕಿಂತ ಒಳ್ಳೆಯ ಶಕುನ ಬೇಕೆ ಎಂದು ನಾವು ಹಿಗ್ಗಿದೆವು.

ಸುರಂಗವನ್ನು ದಾಟಿದರೆ ಮರಳುಗಲ್ಲಿನ ಕಡಿದಾದ ಗೋಡೆಗಳು, ಕೆಳಗೆ ನದಿ. ಗಾಳಿ ಮಳೆಗಳು ಸಾವಿರಾರು ವರ್ಷ ಕೊರೆದು ಮಾಡಿದ ಕಲ್ಲಿನ ಕಮಾನುಗಳು ಈ ಸೀಮೆಯಲ್ಲಿ ಹೇರಳ. ಈ ಕಮರಿಯಲ್ಲಿ, 'ಗಟ್ಟಿಯಾಗಿ ಚಿವುಟು' ಎಂಬ ಅರ್ಥ ಬರುವ ವಿಚಿತ್ರ ಹೆಸರಿನ ಒಂದು ಹಳ್ಳದ ಬಳಿಯಲ್ಲಿ, 1917ನೆಯ ಇಸವಿ ಮಾರ್ಚಿ ತಿಂಗಳಲ್ಲಿ ಲಿಲಿ ಮೇ ಲೆಡ್‌ಫರ್ಡ್ ಎಂಬ ಹುಡುಗಿ ಹುಟ್ಟಿದಳು. ತುಂಬು ಸಂಸಾರ; ತಂದೆ ಪರರ ಹೊಲವನ್ನು ಗುತ್ತಿಗೆಗೆ ಉಳುತ್ತಿದ್ದ ಒಕ್ಕಲು. ಮನೆಯಲ್ಲಿ ಹಣವಿರಲಿಲ್ಲ, ಹಾಡಿಗೆ ಮಾತ್ರ ಬರವಿರಲಿಲ್ಲ. ಹುಡುಗಿ ತನ್ನಲ್ಲಿದ್ದ ಚಿಲ್ಲರೆ ಆಟದ ಸಾಮಾನುಗಳನ್ನೆಲ್ಲ ಕೊಟ್ಟು, ತಂತಿಯಿಲ್ಲದ ಒಂದು ಮುರುಕು ಪಿಟೀಲನ್ನು ಕೊಂಡಳು. ಬಿರಟೆಗಳನ್ನು ತಾನೇ ಕೆತ್ತಿದಳು. ಕುದುರೆಯ ಬಾಲದ ಕೂದಲಿನಿಂದ ಕಮಾನನ್ನು ಹೂಡಿದಳು. ಆ ಬೆಟ್ಟಗಳಲ್ಲಿ ನಿಂತು ಇದನ್ನು ನೆನೆಯುವಾಗ, ಸಂಗೀತ ಕಲಿಯಲು ಅನುಕೂಲವಿಲ್ಲವೆಂದು ಗೊಣಗುವ ನಮ್ಮ ಪಟ್ಟಣದ ಮಕ್ಕಳ ಮುಖಗಳು ಕಣ್ಣ ಮುಂದೆ ಸುಳಿದುವು.

ಪಿಟೀಲಿನೊಡನೆ ಆಕೆಗೆ ಬ್ಯಾಂಜೋ ವಾದ್ಯವೂ ಕೈವಶವಾಗಿತ್ತು. ಇದನ್ನು ಕಾಣದವರಿಗಾಗಿ ಎರಡು ಮಾತು. ಕಂಜಿರದಂತೆ ಚರ್ಮ ಬಿಗಿದ ಒಂದು ದುಂಡು ಬಳೆ, ಅದಕ್ಕೆ ತಂಬೂರಿಯಂತೆ ಉದ್ದ ಕಾಂಡ, ತಂತಿಗಳು ಐದು. ಐದನೆಯ ತಂತಿ ಗಿಡ್ಡ. ಅದರ ಬಿರಟೆ ಕಾಂಡದ ನಡುವೆಯೇ ಇರುವುದು. ಬಲಗೈಯ ಉಗುರಿನ ಬೆನ್ನಿನಿಂದ ಇತರ ತಂತಿಗಳನ್ನು ಕೆಳಮುಖವಾಗಿ ಹೊಡೆಯುತ್ತ, ಎಡೆಯೆಡೆಯಲ್ಲಿ ಹೆಬ್ಬೆರಳಿನಿಂದ ಆ ಗಿಡ್ಡ ತಂತಿಯನ್ನು ಮೀಟುವರು. ಅದು ಎಂದಿಗೂ ಒಂದೇ ಸ್ವರವನ್ನು ನುಡಿಯುವುದರಿಂದ ನಮ್ಮ ಶ್ರುತಿಯ ಕೆಲಸವನ್ನೂ ತಾಳದ ಕೆಲಸವನ್ನೂ ಒಟ್ಟಿಗೆ ಮಾಡಿದಂತಾಗುವುದು. ಈ ವಾದ್ಯದ ಮೂಲ ಆಫ್ರಿಕಾ ಖಂಡ. ಗುಲಾಮರಾಗಿ ಹಿಡಿದು ತರಲ್ಪಟ್ಟ ಜನರು ತಮ್ಮ ನೆನಪಿನಲ್ಲಿ ಹೊತ್ತು ತಂದುದನ್ನು ಬೆಟ್ಟದ ಬಿಳಿಯರು ಅವರಿಂದ ಕಲಿತರು. ಅಲ್ಲಿಯ ಮನೆಗಳಲ್ಲಿ ಹೆಂಗಸರು ಇದನ್ನು ನುಡಿಸುವುದು ಹೊಸತೇನಲ್ಲ. 1924ರಷ್ಟು ಹಿಂದೆಯೇ ಸಮಾಂತಾ ಬಮ್‌ಗಾರ್ನರ್, ಈವಾ ಡೇವಿಸ್ ಎಂಬ ಇಬ್ಬರು ಮಹಿಳೆಯರು ಪಿಟೀಲು ಬ್ಯಾಂಜೋಗಳೊಡನೆ ನ್ಯೂಯಾರ್ಕಿಗೆ ಹೋಗಿ ಗ್ರಾಮಾಫೋನ್ ತಟ್ಟೆಗಳನ್ನು ಕೊಟ್ಟು ಬಂದಿದ್ದರು. ಆದರೆ ಹೊರಗಿನ ವೇದಿಕೆಯಲ್ಲಿ ಹೆಣ್ಣಿಗೆ ಇದ್ದ ಸ್ಥಳ ಹೆಚ್ಚಾಗಿ ಹಾಡುಗಾರ್ತಿಯದು ಮಾತ್ರ. ಪಕ್ಕದಲ್ಲಿ ನುಡಿಸುವವರು ಅಣ್ಣನೋ ಗಂಡನೋ ಆಗಿರುತ್ತಿದ್ದರು.

ಲಿಲಿ ಮೇ 1936ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಷಿಕಾಗೋ ನಗರದ ರೇಡಿಯೋ ನಿಲಯವೊಂದನ್ನು ಸೇರಿದಳು. ಅಲ್ಲಿ ಆಕೆಯ ವ್ಯವಹಾರವನ್ನು ನೋಡಿಕೊಂಡವರು ಜಾನ್ ಲೇರ್. ಈತನೂ ಕೆಂಟುಕಿಯವನೇ. ಹಳೆಯ ಹಾಡುಗಳನ್ನು ಸಂಗ್ರಹಿಸುವುದರಲ್ಲಿ ಪ್ರೀತಿ. ಅವನ್ನು ಮಾರುವುದರಲ್ಲಿ ಅದಕ್ಕೂ ಹೆಚ್ಚಿನ ಜಾಣ್ಮೆ. ಪಿಟೀಲನ್ನು ಹಿಂದಿಟ್ಟು ಬ್ಯಾಂಜೋವನ್ನು ಮುಂದಿಡು, ಬೆಟ್ಟದ ಹುಡುಗಿಯಾಗಿ ಬಂದವಳು ಹಾಗೆಯೇ ಇರು, ಪಟ್ಟಣದ ಉಡುಪು ಕೂದಲುಗಳ ಸೊಗಸು ನಿನಗೆ ಬೇಡ ಎಂದು ಆತನು ವಿಧಿಸಿದನು. ಆಕೆಗೋ ಇತರ ಹುಡುಗಿಯರಂತೆ ಉಡಬೇಕೆಂಬ ಆಸೆ. ಊರಿನ ಬಡತನದಿಂದ ತಪ್ಪಿಸಿಕೊಂಡು ಬಂದವಳಿಗೆ ಅದೇ ಬಡತನದ ವೇಷವನ್ನು ಸಂಬಳಕ್ಕಾಗಿ ಧರಿಸಬೇಕಾಗಿ ಬಂದುದು ಎಂತಹ ಸಂಕಟ! ಆದರೆ ಅದು ದೇಶವೆಲ್ಲ ಉದ್ಯೋಗವಿಲ್ಲದೆ ತತ್ತರಿಸುತ್ತಿದ್ದ ಕಾಲ. ಇದರ ನಡುವೆ ಲೇರ್ ಆಕೆಗೆ ಒಂದು ಭರವಸೆಯನ್ನು ಕೊಟ್ಟಿದ್ದನು: ಆಕೆಯನ್ನು ನಡುವೆ ಇಟ್ಟು ಹೆಂಗಸರದೇ ಒಂದು ಮೇಳವನ್ನು ಕಟ್ಟುವೆನೆಂದು.

ಆ ಮಾತನ್ನು ಆತನು ನಡೆಸಿಕೊಟ್ಟನು. 1937ರಲ್ಲಿ ಸಿನ್ಸಿನಾಟಿಯಲ್ಲಿ ನಾಲ್ವರು ಕೂಡಿದರು. ಲಿಲಿ ಮೇ ಬ್ಯಾಂಜೋ ಮತ್ತು ಪಿಟೀಲು. ಅವಳ ಸಹೋದರಿ ರೋಸಿ ಗಿಟಾರ್. ವಿಸ್ಕಾನ್ಸಿನ್ ಸಂಸ್ಥಾನದ ಎಸ್ತರ್ ಕೋಲರ್ ಮ್ಯಾಂಡೊಲಿನ್. ಒಹಾಯೋ ಸಂಸ್ಥಾನದ ಎವೆಲಿನ್ ಲಾಂಗ್ ಆಳೆತ್ತರದ ಮಂದ್ರ ವಾದ್ಯವಾದ ಬೇಸ್. ಲಿಲಿ ಎಂಬುದು ಒಂದು ಹೂವು, ರೋಸ್ ಎಂದರೆ ಗುಲಾಬಿ. ಉಳಿದ ಇಬ್ಬರಿಗೂ ಹೂವಿನ ಹೆಸರೇ ಇರಲೆಂದು ಎಸ್ತರಳನ್ನು ವಯೊಲೆಟ್ ಎಂದೂ ಎವೆಲಿನಳನ್ನು ಡೇಸಿ ಎಂದೂ ಕರೆದರು. ಹೆಸರುಗಳು ಹೀಗೆ ಹೊಂದಿದ ಮೇಲೆ ಮೇಳಕ್ಕೂ 'ಕಾಡುಹೂಗಳು' ಎಂಬ ಅರ್ಥದ ಹೆಸರಿರಲೆಂದು ಹುಡುಗಿಯರು ಬಯಸಿದರು. ಲೇರ್ ಒಪ್ಪಲಿಲ್ಲ. ಕೇಳಿದೊಡನೆ ಹಳ್ಳಿಯೆಂದು ತಿಳಿಯಬೇಕು ಎಂದು 'ಕೂನ್ ಕ್ರೀಕ್ ಗರ್ಲ್ಸ್' ಎಂದು ಇಟ್ಟನು. ರಕೂನ್ ಎಂಬ ಒಂದು ಕಾಡುಮೃಗ. ಅದು ತಿರುಗಾಡುವ ತೊರೆಯ ಹುಡುಗಿಯರು ಎಂದಂತಾಯಿತು. ನಾಲ್ವರಲ್ಲಿ ಇಬ್ಬರು ಕೆಂಟುಕಿಯವರೇ ಅಲ್ಲ. ಅಂತಹ ಹೆಸರಿನ ತೊರೆಯ ದಡದಲ್ಲಿ ಹುಟ್ಟಿದವರಂತೂ ಒಬ್ಬರೂ ಇಲ್ಲ!

ಹೆಸರು ಆತನದು, ಉಡುಪು ಆತನದು. ಆದರೆ ಅವರು 1938ರಲ್ಲಿ ಕೊಟ್ಟ ತಟ್ಟೆಗಳನ್ನು ಕೇಳಿದವರು ಒಂದನ್ನು ಒಪ್ಪಲೇಬೇಕು. ಆ ಕೈಗಳನ್ನು ಯಾರೂ ತಯಾರಿಸಿ ಕೊಟ್ಟುದಲ್ಲ. ಬ್ಯಾಂಜೋ ಎಲ್ಲಕ್ಕಿಂತ ಮುಂದೆ ಓಡುತ್ತದೆ. ದನಿಗಳಲ್ಲಿ ನಯಕ್ಕಿಂತ ಬಲ ಹೆಚ್ಚು. ಲೋಕವನ್ನೆಲ್ಲ ಸುತ್ತಲು ಹೊರಟ ಬ್ಯಾಂಜೋ ಹುಡುಗಿಯೊಬ್ಬಳ ಹಾಡು ಇವರ ಗುರುತಿನ ಹಾಡಾಯಿತು. ನಮ್ಮ ಮನಸ್ಸಿಗೆ ಅದರ ವೇಗಕ್ಕಿಂತ ಹಿಡಿಸಿದುದು ಅದರ ನಿರ್ಭಯ. ಯಾರ ಅಪ್ಪಣೆಯನ್ನೂ ಕೇಳದ ಹಾಡು ಅದು.

1937ರ ಅಕ್ಟೋಬರ್ 9ರಂದು ಸಿನ್ಸಿನಾಟಿಯ ದೊಡ್ಡ ಸಂಗೀತಶಾಲೆಯಿಂದ ಲೇರನ ಶನಿವಾರದ ಕಾರ್ಯಕ್ರಮವು ಮೊದಲಾಯಿತು. ಅದನ್ನು ಪ್ರಸಾರ ಮಾಡಿದ ನಿಲಯಕ್ಕೆ ಆಗ ಐದು ಲಕ್ಷ ವಾಟ್ ಶಕ್ತಿಯಿತ್ತು. ಇತರ ದೊಡ್ಡ ನಿಲಯಗಳಿಗೆ ಇದ್ದುದು ಐವತ್ತು ಸಾವಿರ. ರಾತ್ರಿಯ ಹೊತ್ತು ಅರ್ಧ ದೇಶವೇ ಕೇಳುತ್ತಿದ್ದಿತೆಂದರೆ ತಪ್ಪಾಗದು. ಎರಡು ವರ್ಷ ತುಂಬುವ ಮೊದಲೇ, 1939ರ ಜೂನ್ 8ರಂದು, ಈ ನಾಲ್ವರು ಅಧ್ಯಕ್ಷ ರೂಸ್ವೆಲ್ಟರ ಶ್ವೇತಭವನದಲ್ಲಿ ನಿಂತು ಹಾಡಿದರು. ಎದುರಿಗೆ ಕುಳಿತಿದ್ದವರು ಇಂಗ್ಲೆಂಡಿನ ದೊರೆ ಆರನೆಯ ಜಾರ್ಜ್ ಮತ್ತು ರಾಣಿ ಎಲಿಜಬೆತ್. ಆಗ ನಮ್ಮ ದೇಶಕ್ಕೂ ಚಕ್ರವರ್ತಿಯೆನಿಸಿ, ನಮ್ಮ ನಾಣ್ಯಗಳ ಮೇಲೆ ಮುಖ ಮುದ್ರಿಸಿಕೊಂಡಿದ್ದವರು ಅವರೇ. ಅದೇ ಸಂಜೆ ಹಾಡಿದವರಲ್ಲಿ ಮರಿಯನ್ ಆಂಡರ್ಸನ್ ಎಂಬ ಮಹಾಗಾಯಕಿಯೂ ಇದ್ದರು. ಕರಿಯರೆಂಬ ಕಾರಣದಿಂದ ಅದೇ ನಗರದ ಸಭಾಂಗಣವೊಂದು ಬಾಗಿಲು ಮುಚ್ಚಲಾಗಿ, ಎರಡು ತಿಂಗಳ ಹಿಂದೆಯಷ್ಟೇ ಲಿಂಕನ್ ಸ್ಮಾರಕದ ಮೆಟ್ಟಲುಗಳ ಮೇಲೆ ಜನಸಾಗರದ ಎದುರಿನಲ್ಲಿ ಹಾಡಿದ್ದವರು. ದೊರೆಯ ಮುಖ ಮೊದಲು ಗಂಭೀರವಾಗಿದ್ದಿತೆಂದೂ, ಆಮೇಲೆ ಕಾಲು ಮೆಲ್ಲಗೆ ತಾಳ ಹಾಕುತ್ತಿದ್ದುದನ್ನು ತಾನು ಓರೆಗಣ್ಣಿನಿಂದ ಕಂಡೆನೆಂದೂ ಲಿಲಿ ಮೇ ಬರೆದುಕೊಂಡಿದ್ದಾರೆ.

ಪೊವೆಲ್ ಜಿಲ್ಲೆಯಿಂದ ನೈಋತ್ಯಕ್ಕೆ ಹೊರಟು ನಾವು ಬೆರಿಯಾ ಊರಿನಲ್ಲಿ ಒಂದು ಹಗಲು ತಂಗಿದೆವು. 1855ರಲ್ಲಿ ಹುಟ್ಟಿದ ಇಲ್ಲಿಯ ಕಾಲೇಜಿನಲ್ಲಿ ಬೆಟ್ಟದ ಬಡಮಕ್ಕಳು ಪಾಠಕ್ಕೆ ಹಣ ತೆರಬೇಕಾಗಿಲ್ಲ. ಬದಲಿಗೆ ಪ್ರತಿಯೊಬ್ಬರೂ ದುಡಿಯಬೇಕು. ಲೇರನು ಕೂಡಿಟ್ಟ ಕಾಗದಪತ್ರಗಳು ಇಲ್ಲಿಯ ಭಂಡಾರದಲ್ಲಿವೆ. ಲಿಲಿ ಮೇ ಅವರ ಆತ್ಮಕಥೆಯನ್ನು 1980ರಲ್ಲಿ ಪ್ರಕಟಿಸಿದುದೂ ಈ ಕಾಲೇಜೇ.

ಬೆರಿಯಾದಿಂದ ತೆಂಕಣಕ್ಕೆ ಸುಮಾರು 15 ಮೈಲಿ ಹೋದರೆ ರೆನ್‌ಫ್ರೋ ಕಣಿವೆ. ಮೊದಲ ನೋಟಕ್ಕೆ ಇದು ಊರೆಂದೇ ತೋರುವುದಿಲ್ಲ. ತಗ್ಗಾದ ಗುಡ್ಡಗಳ ನಡುವೆ ಒಂದು ಬಯಲು, ಹೆದ್ದಾರಿಯ ಪಕ್ಕದಲ್ಲಿ ಕೆಲವು ಮರದ ಕಟ್ಟಡಗಳು. ಲೇರನು ತನ್ನ ಬಾಲ್ಯದ ಈ ಸೀಮೆಗೆ ಹಿಂದಿರುಗಿ ಕೊಟ್ಟಿಗೆಯನ್ನು ಕಟ್ಟಿಸಿ, 1939ರ ನವೆಂಬರ್ 4ರಂದು ಅಲ್ಲಿಂದಲೇ ಪ್ರಸಾರವನ್ನು ಆರಂಭಿಸಿದನು. ಹಳ್ಳಿಯ ಸಂಗೀತವನ್ನು ಪಟ್ಟಣದಲ್ಲಿ ನುಡಿಸಿ ಹಳ್ಳಿಗೆ ಕಳುಹುವುದರ ಬದಲು ಹಳ್ಳಿಯಿಂದಲೇ ಕಳುಹಿದರೇನು ಎಂಬುದು ಆತನ ಎಣಿಕೆ. ಸಾವಿರಗಟ್ಟಲೆ ಜನ ಕಾರುಗಳಲ್ಲಿ ಬಂದು ಇಳಿದರು. ಆ ಹಳೆಯ ಕೊಟ್ಟಿಗೆ ಇನ್ನೂ ನಿಂತಿದೆ. ಪಕ್ಕದಲ್ಲಿ ಹೊಸದೊಂದೂ ಎದ್ದಿದೆ. ಲೇರನ ಕುದುರೆಲಾಯವು 2002ರಿಂದ ಕೆಂಟುಕಿಯ ಸಂಗೀತಗಾರರ ವಸ್ತುಸಂಗ್ರಹಾಲಯವಾಗಿದೆ. ಒಬ್ಬ ಮನುಷ್ಯನು ತನ್ನ ಚಿಕ್ಕಂದಿನ ಹಳ್ಳಿಯನ್ನು ನೆನಪಿನಿಂದ ಮತ್ತೆ ಕಟ್ಟಿ ಟಿಕೇಟು ಇಟ್ಟನು ಎಂದು ಕೊಂಕು ನುಡಿಯಬಹುದು. ನಮಗೂ ಅಂಗಳದಲ್ಲಿ ನಿಂತಾಗ ಹಾಗೆ ತೋರಿತು. ಒಳಗೆ ಹೋಗಿ ಹಲಗೆಯ ಗೋಡೆಗಳ ನಡುವೆ ಕುಳಿತ ಮೇಲೆ ಕೊಂಕು ಅಷ್ಟು ಸುಲಭವಾಗಿ ಬಾಯಿಗೆ ಬರಲಿಲ್ಲ.

ಈ ಕೊಟ್ಟಿಗೆಯ ಬಾಗಿಲು ತೆರೆದ ವರ್ಷವೇ ಮೊದಲಿನ ನಾಲ್ವರು ಒಡೆದು ಹೋಗಿದ್ದರು. ವಯೊಲೆಟ್, ಡೇಸಿ ಇಬ್ಬರೂ ಮೇಳವನ್ನು ಬಿಟ್ಟರು. ಅವರ ಸ್ಥಳಕ್ಕೆ ಲೆಡ್‌ಫರ್ಡ್ ಮನೆಯ ಇನ್ನೊಬ್ಬಳು ಸೋದರಿ ಮಿನ್ನಿ ಬಂದಳು. ಆಕೆಗೂ ಒಂದು ಹೂವಿನ ಹೆಸರು ದೊರೆಯಿತು; ಕಪ್ಪುಕಣ್ಣಿನ ಸೂಸನ್ ಎಂಬುದು ಅಲ್ಲಿಯ ಹಳದಿ ಕಾಡುಹೂವು. ಮೂವರು ಸಹೋದರಿಯರು ಮದುವೆಯಾಗಿ, ಮಕ್ಕಳನ್ನು ಹೆತ್ತು ಸಾಕುತ್ತ, ನಡುನಡುವೆ ನಿಲ್ಲಿಸಿಯೂ ಮತ್ತೆ ಹಿಡಿದೂ, 1957ರವರೆಗೆ ಈ ಮೇಳವನ್ನು ನಡೆಸಿದರು. ಶ್ವೇತಭವನದ ಒಂದು ಸಂಜೆಯನ್ನು ಎಲ್ಲರೂ ಹೇಳುವರು. ಅಡಿಗೆ, ತೊಟ್ಟಿಲು, ಶನಿವಾರದ ವೇದಿಕೆ ಇವುಗಳ ನಡುವೆ ಕಳೆದ ಆ ಇಪ್ಪತ್ತು ವರ್ಷಗಳನ್ನು ಹೇಳುವವರು ಕಡಮೆ. ನಮ್ಮ ವಾಚಕಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಹಳೆಯ ಸಂಗೀತವನ್ನು ಹುಡುಕಿಕೊಂಡು ಹೊರಟ ಕಾಲೇಜು ತರುಣರ ದಿನಗಳು ಬಂದುವು. 1968ರಲ್ಲಿ ನ್ಯೂಪೋರ್ಟಿನ ಜಾನಪದ ಸಂಗೀತೋತ್ಸವಕ್ಕೆ ಕರೆಬಂದು ಸಹೋದರಿಯರು ಮತ್ತೆ ಒಂದಾಗಿ ನುಡಿಸಿದರು. ಲಿಲಿ ಮೇ ಒಬ್ಬರೇ ಕಾಲೇಜುಗಳನ್ನು ಸುತ್ತಿ ಬ್ಯಾಂಜೋ ನುಡಿಸಿ ಹಳೆಯ ಕಥೆಗಳನ್ನು ಹೇಳಿದರು. ಚಿಕ್ಕಂದಿನಲ್ಲಿ ಸಂಬಳಕ್ಕಾಗಿ ಉಟ್ಟ ಉಡುಪು ಆಗ ಬೇಕಾಗಿರಲಿಲ್ಲ. ಹಾಡಿದುದು ಮಾತ್ರ ಅವೇ ಹಾಡುಗಳನ್ನು. 1985ರಲ್ಲಿ ಅಮೆರಿಕಾ ಸರ್ಕಾರವು ಜಾನಪದ ಕಲಾವಿದರಿಗೆ ಕೊಡುವ ರಾಷ್ಟ್ರೀಯ ಗೌರವವು ಆಕೆಗೆ ಸಂದಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಆಕೆ ತೀರಿಕೊಂಡರು. ನವೆಂಬರಿನಲ್ಲಿ ಲೇರನೂ ಹೋದನು.

ಅದಕ್ಕೂ ಮೊದಲು, 1979ರಲ್ಲಿ, ಬೇರೆ ನಾಲ್ವರು ತರುಣಿಯರು ಕೂಡಿ ಹಳೆಯ ಹೆಸರಿಗೆ 'ನ್ಯೂ' ಎಂಬ ಒಂದು ಮಾತನ್ನು ಸೇರಿಸಿಕೊಂಡು ಮೇಳವನ್ನು ಕಟ್ಟಿದರು. ಮುದುಕನಾಗಿದ್ದ ಲೇರನೇ ಅವರಿಗೆ ಪ್ರೋತ್ಸಾಹಕನು. ಅವರು ನುಡಿಸಿದುದು ಬ್ಲೂಗ್ರಾಸ್ ಎಂಬ, ಇನ್ನೂ ವೇಗವಾದ, ಮೂರು ಬೆರಳುಗಳಿಂದ ಬ್ಯಾಂಜೋ ಮೀಟುವ ಹೊಸ ಶೈಲಿ. ಹೂವಿನ ಹೆಸರುಗಳನ್ನು ಅವರು ಇಟ್ಟುಕೊಳ್ಳಲಿಲ್ಲ.