ತರಂಗಂಬಾಡಿಯಲ್ಲಿ ಬಿಡಾರ

ತರಂಗಂಬಾಡಿಯನ್ನು ನೋಡಿ ಮುಗಿಸಲು ಅರ್ಧ ದಿನ ಸಾಕು. ತಂಜಾವೂರಿನಿಂದಲೋ ಪುದುಚೇರಿಯಿಂದಲೋ ಕಾರು ಮಾಡಿಕೊಂಡು ಬಂದವರು ಕೋಟೆ ಮುಂದೆ ಫೋಟೊ ತೆಗೆಸಿಕೊಂಡು ಊಟದ ಹೊತ್ತಿಗೆ ಜಾಗ ಖಾಲಿ ಮಾಡುತ್ತಾರೆ. ನಾವು ಗಂಡ ಹೆಂಡತಿ ಇದನ್ನೇ ತಿರುಗುಮುರುಗು ಮಾಡಿದೆವು. ಜನವರಿಯಲ್ಲಿ ಮೈಸೂರಿನಲ್ಲಿ ರೈಲು ಹತ್ತಿ, ಮರುದಿನ ಬೆಳಿಗ್ಗೆ ಮಯಿಲಾಡುತುರೈಯಲ್ಲಿ ಇಳಿದು, ಸುಮಾರು 30 ಕಿ.ಮೀ. ಬಸ್ಸಿನಲ್ಲಿ ಬಂದು ಇಲ್ಲೇ ಬಿಡಾರ ಹೂಡಿದೆವು. ಹಗಲೆಲ್ಲ ಸುತ್ತಾಟ, ರಾತ್ರಿ ಮಾತ್ರ ತರಂಗಂಬಾಡಿ.

ಊರಿಗೊಂದು ಹೆಬ್ಬಾಗಿಲಿದೆ. ಅದರ ಮೇಲೆ 1792 ಎಂಬ ಇಸವಿ. ಒಳಗೆ ಹೊಕ್ಕರೆ ಕಿಂಗ್ಸ್ ಸ್ಟ್ರೀಟ್ ನೆಟ್ಟಗೆ ಕಡಲಿಗೆ ಹೋಗುತ್ತದೆ. ತಂಜಾವೂರಿನ ರಘುನಾಥ ನಾಯಕ 1620ರಲ್ಲಿ ಡೆನ್ಮಾರ್ಕಿನವರಿಗೆ ಇಲ್ಲಿ ವ್ಯಾಪಾರಕ್ಕೆ ಅವಕಾಶ ಕೊಟ್ಟ. ಅವರು ಡಾನ್ಸ್‌ಬೋರ್ಗ್ ಕೋಟೆ ಕಟ್ಟಿದರು. 1845ರಲ್ಲಿ ಊರನ್ನೇ ಬ್ರಿಟಿಷರಿಗೆ ಮಾರಿ ಹೊರಟರು. ನನಗೆ ಕೋಟೆಗಿಂತ ಹೆಚ್ಚು ಹಿಡಿಸಿದ್ದು ಬೀದಿಯಲ್ಲಿರುವ ನ್ಯೂ ಜೆರುಸಲೇಮ್ ಚರ್ಚು. 1706ರಲ್ಲಿ ಬಂದ ಜರ್ಮನ್ ಪಾದ್ರಿ ಝೀಗೆನ್‌ಬಾಲ್ಗ್ ತಮಿಳು ಕಲಿತು, ಹೊಸ ಒಡಂಬಡಿಕೆಯನ್ನು ಆ ಭಾಷೆಗೆ ತಂದು, ಇಲ್ಲೇ ಅಚ್ಚು ಹಾಕಿಸಿದ. ಚರ್ಚು ಕಟ್ಟಿದ ಮರುವರ್ಷವೇ, 1719ರಲ್ಲಿ, ತೀರಿಕೊಂಡ. ಅವನ ಸಮಾಧಿ ಅಲ್ಲೇ ಒಳಗಿದೆ.

ದಂಡೆಯಲ್ಲೇ ಪಾಂಡ್ಯರ ಕಾಲದ ಮಾಸಿಲಾಮಣಿನಾಥರ್ ದೇವಸ್ಥಾನ. ಅದರ ಮುಂಭಾಗವನ್ನು ಕಡಲು ಎಂದೋ ತಿಂದುಹಾಕಿದೆ. ಉಳಿದದ್ದಾದರೂ ಉಳಿಯಲಿ ಎಂದು ದಡಕ್ಕೆ ಬಂಡೆಗಳನ್ನು ಸುರಿದಿದ್ದಾರೆ. 2004ರ ಸುನಾಮಿ ಈ ಊರನ್ನೂ ಬಿಟ್ಟಿರಲಿಲ್ಲ.

ಚಿದಂಬರಂನಿಂದ ನಾಗಪಟ್ಟಣದವರೆಗಿನ ಕರಾವಳಿ ರಸ್ತೆ ಊರ ಪಕ್ಕದಲ್ಲೇ ಹಾದುಹೋಗುತ್ತದೆ. ಕೈ ಅಡ್ಡ ಹಿಡಿದರೆ ಬಸ್ಸು. ಪಕ್ಕದ ಪೊರೈಯಾರಿನಲ್ಲಿ ಪೊಂಗಲ್, ವಡೆ ತಿಂದು ಹೊರಟರೆ ಸಂಜೆಯೊಳಗೆ ವಾಪಸು. ತಿರುಕ್ಕಡಯೂರು ಅಲ್ಲಿಂದ ಹತ್ತಿರದಲ್ಲೇ ಇದೆ. ಮಾರ್ಕಂಡೇಯನಿಗಾಗಿ ಶಿವ ಯಮನನ್ನು ಒದ್ದ ಸ್ಥಳವಂತೆ. ಹಾಗಾಗಿ ಅರವತ್ತು, ಎಪ್ಪತ್ತು, ಎಂಬತ್ತು ತುಂಬಿದವರು ಶಾಂತಿ ಮಾಡಿಸಲು ಸಾಲುಗಟ್ಟುತ್ತಾರೆ. ಪ್ರಾಕಾರದ ತುಂಬ ಹೊಗೆ. ಒಂದೊಂದು ಮೂಲೆಯಲ್ಲೂ ಒಂದೊಂದು ಕುಟುಂಬ, ನೂಲು ಸುತ್ತಿದ ಕಲಶಗಳು. ಮಂಡ್ಯ ಕಡೆಯ ದಂಪತಿ ಅಕ್ಕಪಕ್ಕ ಕೂತಿದ್ದರು. ಮಕ್ಕಳು, ಅಳಿಯಂದಿರು ಸರದಿಯಂತೆ ತಲೆಯ ಮೇಲೆ ಜರಡಿ ಹಿಡಿದು ಕಲಶದ ನೀರು ಸುರಿಯುತ್ತಿದ್ದರು. ನಮ್ಮ ಮಾತು ಕಿವಿಗೆ ಬಿದ್ದು ಆಕೆ, “ಕನ್ನಡದೋರಾ? ಬನ್ನಿ, ಅಕ್ಷತೆ ಹಾಕಿ” ಎಂದು ಕರೆದರು. ಮತ್ತೊಮ್ಮೆ ತಾಳಿ ಕಟ್ಟಿಸಿಕೊಂಡವರೇ ನಕ್ಕರು: “ಮೊದಲ್ನೇ ಮದ್ವೆಗೆ ನಮ್ಮಪ್ಪ ಸಾಲ ಮಾಡಿದ್ರು ಕಣಮ್ಮ. ಇದಕ್ಕೆ ಮಗಳು ದುಡ್ಡು ಕೊಟ್ಟವ್ಳೆ.” ಪಕ್ಕದ ಯಜಮಾನರು ತಲೆ ಒರೆಸಿಕೊಳ್ಳುತ್ತ ಏನೂ ಕೇಳಿಸದವರ ಹಾಗೆ ಕೂತಿದ್ದರು.

ದಕ್ಷಿಣಕ್ಕೆ ಕಾರೈಕಾಲ್. 1954ರವರೆಗೆ ಫ್ರೆಂಚರ ಕೈಯಲ್ಲಿದ್ದದ್ದು ಈಗ ಪುದುಚೇರಿಗೆ ಸೇರಿದೆ; ಗಡಿ ದಾಟಿದ್ದು ಹೆಂಡದಂಗಡಿಗಳ ಸಾಲಿನಿಂದಲೇ ಗೊತ್ತಾಗುತ್ತದೆ. ನಮಗೆ ಬೇಕಿದ್ದದ್ದು ಕಾರೈಕಾಲ್ ಅಮ್ಮೈಯಾರ್ ಗುಡಿ. ಹರಿಹರ ರಗಳೆ ಬರೆದ ಕಾರಿಕಾಲಮ್ಮೆ ಈಕೆಯೇ. ನಂಜನಗೂಡಿನ ಗುಡಿಯ ಅರವತ್ತಮೂವರು ಶಿವಭಕ್ತರ ವಿಗ್ರಹಗಳ ಸಾಲಿನಲ್ಲಿ ಈಕೆಯನ್ನು ಎಷ್ಟು ಸಲ ದಾಟಿ ಹೋಗಿದ್ದೇನೋ! ಇಲ್ಲಿ ಈಕೆಯದೇ ಗುಡಿ, ಈಕೆಯದೇ ಮಾವಿನಹಣ್ಣಿನ ಹಬ್ಬ. ನಾಗೂರಿನ ದರ್ಗಾ, ವೇಲಾಂಗಣ್ಣಿ ಅದೇ ದಾರಿಯಲ್ಲಿ ಮುಂದಿವೆ. ವೇಲಾಂಗಣ್ಣಿಯ ನೂಕುನುಗ್ಗಲು ನನಗೆ ಸೇರಲಿಲ್ಲ.

ಉತ್ತರಕ್ಕೆ ಪೂಂಪುಹಾರ್, ಚೋಳರ ಹಳೆಯ ರೇವುಪಟ್ಟಣ ಕಾವೇರಿಪಟ್ಟಣ. ಕಣ್ಣಗಿ, ಕೋವಲನ್‌ರ ಊರೆಂದು ಶಿಲಪ್ಪದಿಕಾರದ ಕಥೆಯನ್ನು ಕಲ್ಲಿನಲ್ಲಿ ಕೆತ್ತಿದ ಕಲಾಭವನವಿದೆ. ನಾವು ಅದನ್ನು ಬೇಗ ಮುಗಿಸಿ ಕಡಲ ಕಡೆ ನಡೆದೆವು. ಕನ್ನಂಬಾಡಿ ಕಟ್ಟೆಯ ನೀರು ಕುಡಿದು ಬೆಳೆದವರಿಗೆ ಇಲ್ಲಿ ನೋಡಬೇಕಾದದ್ದು ಒಂದೇ: ಕಾವೇರಿ ಕಡಲು ಸೇರುವುದು. ನಿಜ ಹೇಳಬೇಕೆಂದರೆ ಅದೊಂದು ದೊಡ್ಡ ಕಾಲುವೆ, ಅಷ್ಟೆ. ಈ ದಡದವರು ಕೂಗಿದರೆ ಆ ದಡದವರಿಗೆ ಕೇಳಿಸುತ್ತದೆ. ತಿರುಚ್ಚಿಯ ಮೇಲೆ ಮುಕ್ಕೊಂಬಿನಲ್ಲಿ ಕೊಳ್ಳಿಡಂ ಕವಲು ಬೇರೆಯಾಗಿ ನೆರೆಯನ್ನೆಲ್ಲ ಹೊತ್ತು ಹೋಗುತ್ತದೆ. ಕಲ್ಲಣೆಯಿಂದ ಕೆಳಗೆ ಕವಲು, ಕಾಲುವೆಗಳು ನೀರನ್ನು ಗದ್ದೆಗಳಿಗೆ ಹಂಚುತ್ತವೆ. ಮಿಕ್ಕಿದ್ದು ಇಷ್ಟು. ಬೇಸರವಾಗಲಿಲ್ಲ. ಬರುವ ದಾರಿಯ ಎರಡೂ ಬದಿ ಸಾಂಬಾ ಭತ್ತ ಕೊಯ್ಲಿಗೆ ಬಂದು ಬಾಗಿತ್ತು. ನೀರು ಎಲ್ಲಿ ಹೋಯಿತೆಂದು ಕೇಳಬೇಕಾಗಿರಲಿಲ್ಲ. ಟಿಎಂಸಿ ಲೆಕ್ಕವನ್ನು ಪತ್ರಿಕೆಯಲ್ಲಿ ಓದಿ ಜಗಳ ಕಾಯುವ ಎರಡೂ ರಾಜ್ಯದವರು ಈ ರಸ್ತೆಯಲ್ಲಿ ಒಮ್ಮೆ ಬಸ್ಸಿನಲ್ಲಿ ಕೂರಬೇಕು.

ಹೋಗುವವರಿಗೆ ಎರಡು ಮಾತು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಇಲ್ಲಿ ಹಿಂಗಾರು ಮಳೆ, ಚಂಡಮಾರುತದ ಕಾಲ, ಆಗ ಬೇಡ. ಮೆಟ್ಟೂರು ಅಣೆಕಟ್ಟಿನಿಂದ ನೀರಾವರಿಗೆ ನೀರು ಬಿಡುವುದು ವಾಡಿಕೆಯಂತೆ ಜನವರಿ 28ಕ್ಕೆ ನಿಲ್ಲುತ್ತದೆ. ಕಾವೇರಿಯಲ್ಲಿ ನೀರನ್ನೂ ನೋಡಬೇಕೆಂದರೆ ಅದಕ್ಕೆ ಮೊದಲೇ ಹೋಗಿ.