ಡಿಸ್ಕಿನ ಹೂಳು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ನದಿಯಿಲ್ಲ. ಹಿಂದಿನವರು ಕಟ್ಟಿಸಿದ ಕೆರೆಗಳೇ ಇಲ್ಲಿಯವರಿಗೆ ಗಂಗೆಯೂ ಕಾವೇರಿಯೂ ಆಗಿರುವುವು. ಆದಕಾರಣ ಇಲ್ಲಿಯವರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ: ಕೆರೆ ಬೇಗನೆ ಕೋಡಿ ಬಿದ್ದರೆ ಮಳೆ ಹೆಚ್ಚಾಯಿತೆಂದೇ ಅರ್ಥವಲ್ಲ; ತಳದಲ್ಲಿ ಹೂಳು ಹೆಚ್ಚಿದೆಯೆಂದೂ ಇರಬಹುದು. ಏರಿಯ ಮೇಲೆ ನಿಂತವನಿಗೆ ನೀರು ಕಾಣುವುದು, ಹೂಳು ಕಾಣದು. ಈಗ ಮನೆಮನೆಯನ್ನೂ ಸೇರಿರುವ ಕಂಪ್ಯೂಟರಿನ ವಿಷಯದಲ್ಲಿಯೂ ಇದೇ ನ್ಯಾಯವು ಹೊಂದುವುದೆಂಬುದನ್ನು ಮುಳಬಾಗಿಲಿನ ಒಂದು ಮನೆಯವರು ಸ್ವಲ್ಪ ಬೆಲೆ ತೆತ್ತು ಕಲಿತರು.

ಆ ಮನೆಯ ಯಜಮಾನರು ಎಪ್ಪತ್ತು ದಾಟಿದವರು. ಅವರ ಪತ್ನಿಯು ಹಸೆಯ ಹಾಡು, ಆರತಿಯ ಹಾಡು, ಬೀಸುವಾಗಿನ ಹಾಡುಗಳನ್ನು ಬಲ್ಲ ಗೃಹಿಣಿ. ಆಕೆ ಬದುಕಿದ್ದಾಗಲೇ ಯಜಮಾನರು ಒಂದೊಂದಾಗಿ ಹಾಡಿಸಿ, 212 ಧ್ವನಿಮುದ್ರಣಗಳನ್ನು ಕಂಪ್ಯೂಟರಿನಲ್ಲಿ ಇರಿಸಿದ್ದರು. ಆಕೆ ತೀರಿಕೊಂಡ ಮೇಲೆ ಪ್ರತಿ ಬೆಳಗ್ಗೆ ಒಂದು ಹಾಡನ್ನು ಕೇಳಿ, ಅದರ ಮಾತುಗಳನ್ನು ಬರೆದಿಡುವುದು ಅವರ ನಿತ್ಯಕರ್ಮವಾಯಿತು.

2025ರ ದೀಪಾವಳಿಯಾದ ಕೆಲವು ದಿನಗಳಿಗೆ ಆ ಯಂತ್ರವು ಬರೆದುದನ್ನು ಉಳಿಸಲು ಒಪ್ಪದೆ, ಡಿಸ್ಕಿನಲ್ಲಿ ಸ್ಥಳವಿಲ್ಲವೆಂದು ಮೊರೆಯಿಡತೊಡಗಿತು. ಪೇಟೆಯ ಒಬ್ಬ ಕುಶಲಿಯನ್ನು ವಿಚಾರಿಸಲು, ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬುವುದೇ ದಾರಿಯೆಂದನು. ಯಜಮಾನರು ಬೆದರಿದರು. ತಾವೇ ಹುಡುಕಿದಾಗ ಅವರ ಕಣ್ಣಿಗೆ ದೊಡ್ಡದಾಗಿ ಬಿದ್ದುದು ಹಾಡುಗಳ ಫೋಲ್ಡರು. ಒತ್ತಡವಿಲ್ಲದ ವೇವ್ ಫೈಲುಗಳಾದುದರಿಂದ ನಿಮಿಷಕ್ಕೆ ಸುಮಾರು 10 ಎಂಬಿ ಹಿಡಿಯುತ್ತಿದ್ದುವು. ಒಟ್ಟು 13 ಜಿಬಿಯಾಗಿತ್ತು. ಅವುಗಳಲ್ಲಿ ಮುಖ್ಯವಲ್ಲವೆಂದು ತೋರಿದ 6 ಹಾಡುಗಳನ್ನು ಆರಿಸಿ, ಬುಟ್ಟಿಗೂ ಬೀಳದಂತೆ ಶಿಫ್ಟ್ ಕೀಲಿಯೊಡನೆ ಡಿಲೀಟನ್ನು ಒತ್ತಿದರು. ದೊರೆತ ಸ್ಥಳವು ಅರ್ಧ ಜಿಬಿಯೂ ಆಗಲಿಲ್ಲ. ಏಳನೆಯದನ್ನು ಆರಿಸಲು ಕೈ ಬಾರದೆ, ಶ್ರೀನಿವಾಸಪುರದಲ್ಲಿ ಉಪಾಧ್ಯಾಯಿನಿಯಾಗಿರುವ ಮಗಳನ್ನು ಕರೆಸಿದರು.

ಮಗಳು ಬಂದು ಮೊದಲು ಏನನ್ನೂ ಅಳಿಸಲಿಲ್ಲ, ಲೆಕ್ಕ ಹಾಕಿದಳು. ಡಿಸ್ಕಿನ ಪೆಟ್ಟಿಗೆಯ ಮೇಲೆ 256 ಜಿಬಿ ಎಂದಿತ್ತು. ಯಂತ್ರವು ತೋರಿಸಿದುದು 238. ಇದು ಮೋಸವಲ್ಲ. ತಯಾರಕರು ಜಿಬಿಗೆ ನೂರು ಕೋಟಿ ಬೈಟುಗಳೆಂದು ಎಣಿಸುವರು; ವಿಂಡೋಸು 1024ರ ಮೇಲೆ 1024ರ ಗುಣಾಕಾರದಿಂದ ಎಣಿಸುವುದು. ಸೇರು ಬೇರೆಯಾದರೆ ರಾಶಿಯ ಲೆಕ್ಕವೂ ಬೇರೆಯಾಗುವುದಷ್ಟೆ. ನಿಜವಾದ ಒಗಟು ಬೇರೆಯಿತ್ತು. ಬಳಕೆಯಾದುದು 235 ಜಿಬಿ. ಕಣ್ಣಿಗೆ ಕಾಣುವ ಫೋಲ್ಡರುಗಳನ್ನೆಲ್ಲ ಒಟ್ಟಿಗೆ ಆರಿಸಿ ಕೂಡಿಸಿದರೆ 165. ಉಳಿದ 70 ಎಲ್ಲಿ ಹೋಯಿತು?

ಪಾಠಶಾಲೆಗಳಲ್ಲಿ ಅರ್ಥಾಪತ್ತಿಯೆಂಬ ಪ್ರಮಾಣಕ್ಕೆ ಹೇಳಿಕೊಡುವ ದೃಷ್ಟಾಂತವೊಂದುಂಟು. ದೇವದತ್ತನು ಹಗಲಿನಲ್ಲಿ ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ಆದಕಾರಣ ರಾತ್ರಿಯಲ್ಲಿ ಉಣ್ಣುತ್ತಾನೆಂದು ಕಲ್ಪಿಸಬೇಕು. ಈ ಯಂತ್ರವೂ ಅಂಥ ದೇವದತ್ತನೇ. ಕಾಣದ ಕಡೆಯಲ್ಲಿ ಅದು ಏನನ್ನೋ ಉಂಡಿರಲೇಬೇಕು. ಮಗಳು ವಿನ್‌ಡರ್‌ಸ್ಟ್ಯಾಟ್ ಎಂಬ ಉಚಿತವಾದ ಸಾಧನವನ್ನು ಆಡಳಿತಾಧಿಕಾರದೊಡನೆ ನಡೆಸಲು, ಡಿಸ್ಕೆಲ್ಲವೂ ಬಣ್ಣದ ಚೌಕಗಳಾಗಿ, ಹೊಲಗದ್ದೆಗಳ ನಕ್ಷೆಯಂತೆ ತೆರೆದುಕೊಂಡಿತು.

ದೊಡ್ಡ ಚೌಕವು ಸಿನಿಮಾಗಳದು. ಹಬ್ಬಕ್ಕೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗನು ತನ್ನ ಹೆಸರಿನ ಖಾತೆಯಲ್ಲಿ ಅವುಗಳನ್ನು ತುಂಬಿ, ನೋಡಿ, ಹೊರಡುವ ಮೊದಲು ಅಳಿಸಿ ಹೋಗಿದ್ದನು. ಹುಡುಗನದು ಒಳ್ಳೆಯ ನಡತೆಯೇ. ಆದರೆ ಅಳಿಸಿದುದು ರೀಸೈಕಲ್ ಬಿನ್ನಿಗೆ ಹೋಗುವುದಲ್ಲದೆ ಡಿಸ್ಕನ್ನು ಬಿಟ್ಟು ಹೋಗುವುದಿಲ್ಲ. ಖಾತೆಗೊಂದು ಬುಟ್ಟಿಯಿರುವುದರಿಂದ ಅಜ್ಜನು ತನ್ನ ಬುಟ್ಟಿಯನ್ನು ಎಷ್ಟು ಸಲ ಬರಿದುಮಾಡಿದರೂ ಮೊಮ್ಮಗನದು ತುಂಬಿಯೇ ಇರುವುದು. ಅದರಲ್ಲಿದ್ದುದು 41 ಜಿಬಿ. ಮತ್ತೊಬ್ಬರ ಪಾತ್ರೆಯನ್ನು ಕೇಳದೆ ಬಗ್ಗಿಸಬಾರದೆಂದು ಮಗಳು ದೂರವಾಣಿಯಲ್ಲಿ ಅವನ ಒಪ್ಪಿಗೆಯನ್ನು ಪಡೆದು, ಅವನ ಖಾತೆಯನ್ನು ತೆರೆದು, ಒಂದೊಂದು ಹೆಸರನ್ನೂ ಓದಿ, ಸಿನಿಮಾಗಳಲ್ಲದೆ ಬೇರೇನೂ ಇಲ್ಲವೆಂದು ಕಂಡ ಮೇಲೆ ಬರಿದುಮಾಡಿದಳು.

ಎರಡನೆಯ ಚೌಕವು ವಿಂಡೋಸ್ ಓಲ್ಡ್ ಎಂಬುದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಪೋಷಣೆಯು ಮುಗಿದುದರಿಂದ ಮೊಮ್ಮಗನೇ ಹಬ್ಬದಲ್ಲಿ 11ನ್ನು ಸ್ಥಾಪಿಸಿದ್ದನು. ಹಾಗೆ ಮಾಡಿದಾಗ ಹಿಂದಿನ ವ್ಯವಸ್ಥೆಯು ಹಳೆಯ ಮನೆಯಂತೆ ಹಿತ್ತಿಲಲ್ಲಿ ಉಳಿದುಕೊಳ್ಳುವುದು. ಹೊಸದು ಒಗ್ಗದಿದ್ದರೆ 10 ದಿನಗಳೊಳಗೆ ಹಿಂದಿರುಗಬಹುದೆಂಬುದೇ ಅದರ ಉದ್ದೇಶ; ಬಳಿಕ ಸಾಮಾನ್ಯವಾಗಿ ತಾನೇ ಅಳಿಯುವುದು. ಹೊಸದರಲ್ಲಿ ಕಡತಗಳೂ ಕನ್ನಡದ ಅಕ್ಷರಗಳೂ ಸರಿಯಾಗಿರುವುದನ್ನು ಪರೀಕ್ಷಿಸಿ, ಡಿಸ್ಕ್ ಕ್ಲೀನಪ್ಪಿನಲ್ಲಿ ವ್ಯವಸ್ಥೆಯ ಫೈಲುಗಳ ಭಾಗವನ್ನು ತೆರೆದು ಅದನ್ನು ತೆಗೆಯಲು 22 ಜಿಬಿ ದೊರೆಯಿತು.

ಮೂರನೆಯದು ಯಂತ್ರದ ನಿದ್ರೆಗೆ ಮೀಸಲಾದ ಸ್ಥಳ. ಹೈಬರ್ನೇಟ್ ಆಗುವಾಗ ಸ್ಮೃತಿಯಲ್ಲಿದ್ದುದನ್ನು ಡಿಸ್ಕಿನ ಮೇಲೆ ಬರೆದಿಡಲು ವಿಂಡೋಸು ಒಂದು ಮರೆಯ ಫೈಲನ್ನು ಸದಾ ಕಾದಿರಿಸುವುದು. ಈ ಯಂತ್ರದಲ್ಲಿ ಅದು 3 ಜಿಬಿಯಷ್ಟಿತ್ತು. ಆಡಳಿತಾಧಿಕಾರದ ಕಮಾಂಡ್ ಪ್ರಾಂಪ್ಟಿನಲ್ಲಿ ಆಜ್ಞೆಯನ್ನಿತ್ತು ಹೈಬರ್ನೇಟನ್ನು ನಿಲ್ಲಿಸಿದೊಡನೆ ಅದು ಮಾಯವಾಯಿತು. ಯಂತ್ರವು ಏಳುವುದು ಸ್ವಲ್ಪ ನಿಧಾನವಾಯಿತು. ಪೇಜ್‌ಫೈಲನ್ನೂ ವಿನ್‌ಎಸ್‌ಎಕ್ಸ್‌ಎಸ್ ಎಂಬ ಫೋಲ್ಡರನ್ನೂ ಆಕೆ ಮುಟ್ಟಲಿಲ್ಲ. ಗಾತ್ರವನ್ನು ಕಂಡು ಆಸೆಪಟ್ಟು ಎರಡನೆಯದನ್ನು ಕೈಯಾರೆ ಅಳಿಸಿದವರ ಯಂತ್ರವು ಏಳದೆ ಹೋಗಬಹುದು. ಹೂಳೆತ್ತುವವನು ಏರಿಯ ಬುಡವನ್ನು ಅಗೆಯಬಾರದು.

ಸಂಜೆಯ ಹೊತ್ತಿಗೆ 66 ಜಿಬಿ ಸ್ಥಳವು ಬಿಡುವಾಗಿತ್ತು. ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, ಅಳಿಸಿದ 6 ಹಾಡುಗಳು ಮತ್ತೆ ಬರುವುವೇ ಎಂದು ಕೇಳಿದರು. ತಿರುಗುವ ಹಳೆಯ ಡಿಸ್ಕುಗಳಲ್ಲಿ ಅಳಿಸಿದುದು ಮೇಲೆ ಬರಹ ಬೀಳುವವರೆಗೆ ಉಳಿದಿರುವುದುಂಟು. ಈ ಕಾಲದ ಎಸ್‌ಎಸ್‌ಡಿಗಳಲ್ಲಿ ಅಳಿಸಿದ ಸ್ಥಳವನ್ನು ಯಂತ್ರವೇ ಬೇಗನೆ ಶುದ್ಧಮಾಡಿಬಿಡುವುದು. ಮಗಳು ಇದನ್ನು ಮರೆಮಾಡದೆ ಹೇಳಿದಳು. ಉಳಿದ 206 ಹಾಡುಗಳನ್ನು ಎರಡು ಹೊರಡಿಸ್ಕುಗಳಿಗೆ ಪ್ರತಿಮಾಡಿ, ಒಂದನ್ನು ಅಲ್ಲಿಯೇ ಬಿಟ್ಟು ಮತ್ತೊಂದನ್ನು ಶ್ರೀನಿವಾಸಪುರಕ್ಕೆ ಒಯ್ದಳು.

ನೆರೆತುಂಬಿದ ಕೆರೆಯನ್ನು ಕಂಡು ಹೆದರಿ ತೂಬೆತ್ತಿದವನಿಗೆ ಹರಿದುಹೋದ ನೀರು ಹಿಂದಿರುಗುವುದಿಲ್ಲ. ಆಮೇಲೆ ಹೂಳೆತ್ತಿದರೆ ಮುಂದಿನ ಮಳೆಗೆ ಎಡೆಯಾಗುವುದು, ಅಷ್ಟೆ. ಯಜಮಾನರು ಮರುದಿನ ಬೆಳಗ್ಗೆ ಯಂತ್ರವನ್ನು ತೆರೆಯದೆ, ಹೊಸ ಪುಸ್ತಕವೊಂದನ್ನು ತೆಗೆದು, ಹೋದ ಆರು ಹಾಡುಗಳ ಮಾತುಗಳನ್ನು ನೆನಪಿನಿಂದಲೇ ಬರೆಯತೊಡಗಿದರು. ನಾಲ್ಕು ಪೂರ್ತಿಯಾಗಿ ನೆನಪಾದುವು. ಐದನೆಯದಕ್ಕೆ ಎರಡು ನುಡಿಗಳು ದೊರೆತುವು. ಆರನೆಯದರ ಹೆಸರನ್ನು ಬರೆದು, ಕೆಳಗೆ ಒಂದು ಪುಟವನ್ನು ಬರಿದಾಗಿಯೇ ಬಿಟ್ಟಿರುವರು.