ಹಾವಿನಷ್ಟೇ ಉದ್ದದ ಹೊಣೆ

2024ರ ಏಪ್ರಿಲ್ ತಿಂಗಳಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕನೊಬ್ಬನ ಸಾಮಾನನ್ನು ಕಸ್ಟಮ್ಸ್ ಅಧಿಕಾರಿಗಳು ಬಿಚ್ಚಿ ನೋಡಿದಾಗ ಒಳಗೆ ಹತ್ತು ಹಳದಿ ಅನಕೊಂಡಗಳಿದ್ದವು. ವಿದೇಶದಿಂದ ಬರುವವರು ಚಾಕಲೇಟು, ಸೆಂಟು, ಮಕ್ಕಳಿಗೆ ಆಟಿಕೆ ತರುತ್ತಾರೆ. ಈ ಪುಣ್ಯಾತ್ಮ ತಂದದ್ದು ಹಾವುಗಳನ್ನು! ಸುದ್ದಿ ಓದಿದ ಕೆಲವರು ನಕ್ಕರು, ಕೆಲವರು ಹೌಹಾರಿದರು, ಮರುದಿನ ಎಲ್ಲರೂ ಮರೆತರು.

ಆದರೆ ಯೋಚಿಸಬೇಕಾದ ಮಾತೊಂದು ಅಲ್ಲಿ ಉಳಿದೇ ಹೋಯಿತು. ದಕ್ಷಿಣ ಅಮೆರಿಕದ ಜೌಗು ನೆಲದ ಹಾವು ಬ್ಯಾಂಕಾಕಿನ ದಾರಿಯಾಗಿ ಬೆಂಗಳೂರಿಗೆ ಬರಬೇಕಾದರೆ ಅದನ್ನು ಕೊಳ್ಳುವವರು ಎಲ್ಲೋ ಇದ್ದೇ ಇರಬೇಕು. ಯಾರದೋ ಮನೆಯ ಗಾಜಿನ ಪೆಟ್ಟಿಗೆ ಅವುಗಳಿಗಾಗಿ ಕಾದಿರಬೇಕು. ಇದೇ ಹಳದಿ ಅನಕೊಂಡವನ್ನು ಅಮೆರಿಕ ಸರ್ಕಾರ 2012ರಲ್ಲಿಯೇ ‘ಹಾನಿಕಾರಕ ಪ್ರಾಣಿ’ಗಳ ಪಟ್ಟಿಗೆ ಸೇರಿಸಿತ್ತು. ಅದಕ್ಕೂ ಮುಂಚೆ ಆ ದೇಶದಲ್ಲಿ ನಡೆದ ವಾದ ವಿವಾದ ಸಣ್ಣದಲ್ಲ. ಮಗ ‘ಅಪ್ಪಾ, ನಮ್ಮನೇಲೂ ಒಂದು ಹೆಬ್ಬಾವು ಸಾಕೋಣ’ ಎಂದು ಹಟ ಹಿಡಿಯಬಹುದಾದ ಈ ಕಾಲದಲ್ಲಿ ಆ ಕಥೆಯನ್ನು ತಂದೆ ಮಕ್ಕಳು ಒಟ್ಟಿಗೆ ಕುಳಿತು ಓದುವುದು ಒಳ್ಳೆಯದು.

ಕಥೆ ಶುರುವಾಗುವುದು ಒಂದು ಮರಿಯಿಂದ. ಬರ್ಮಾ ಹೆಬ್ಬಾವಿನ ಮರಿ ಮೊಟ್ಟೆಯಿಂದ ಹೊರಬರುವಾಗ ಎರಡಡಿಯೂ ಇರುವುದಿಲ್ಲ. ಮೈಮೇಲೆ ಕಂದು ಬಣ್ಣದ ಚೆಂದದ ಚಿತ್ತಾರ. ವಿಷವಿಲ್ಲ, ಸದ್ದಿಲ್ಲ, ದಿನವೂ ಊಟ ಕೇಳುವುದಿಲ್ಲ. ಅಮೆರಿಕದ ಎಷ್ಟೋ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಸಾಕುಪ್ರಾಣಿ ಬೇರೆ ಕಾಣಲಿಲ್ಲ. 1996ರಿಂದ 2006ರವರೆಗಿನ ಅವಧಿಯಲ್ಲಿ ಆ ದೇಶ ಆಮದು ಮಾಡಿಕೊಂಡ ಬರ್ಮಾ ಹೆಬ್ಬಾವುಗಳ ಸಂಖ್ಯೆಯೇ ಸುಮಾರು 99,000.

ಮರಿ ಮರಿಯಾಗಿಯೇ ಉಳಿಯುವುದಿಲ್ಲ ಎಂಬುದೇ ತೊಡಕು. ಮೂರು ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದು ಹತ್ತಡಿ ದಾಟಬಲ್ಲದು. ಇಲಿ ಸಾಲದೆ ಮೊಲ ಬೇಕಾಗುತ್ತದೆ. ಪೆಟ್ಟಿಗೆ ಸಾಲದೆ ಕೋಣೆಯೇ ಬೇಕಾಗುತ್ತದೆ. ಎತ್ತಿ ಹಿಡಿಯಲು ಇಬ್ಬರು ಬೇಕು. ಸರಿಯಾಗಿ ನೋಡಿಕೊಂಡರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕುವ ಪ್ರಾಣಿ ಅದು. ಹತ್ತನೇ ತರಗತಿಯಲ್ಲಿ ಅದನ್ನು ತಂದ ಹುಡುಗ ಕಾಲೇಜು ಮುಗಿಸಿ, ಕೆಲಸ ಹಿಡಿದು, ಮದುವೆಯಾಗಿ, ಮಕ್ಕಳ ತಂದೆಯಾದಾಗಲೂ ಹಾವು ಅಲ್ಲೇ ಇರುತ್ತದೆ. ಆರಂಭಶೂರತ್ವ ಅಷ್ಟು ದೂರ ಬರುವುದಿಲ್ಲ. ಕೊಲ್ಲಲು ಮನಸ್ಸು ಬಾರದೆ, ಕೊಳ್ಳುವವರೂ ಸಿಗದೆ, ಒಂದು ಸಂಜೆ ಯಾರೋ ಅದನ್ನು ಕಾರಿನಲ್ಲಿ ಹಾಕಿಕೊಂಡು ಹೋಗಿ ಕಾಡಿನ ಅಂಚಿನಲ್ಲಿ ಬಿಟ್ಟು ಬಂದರು. ‘ಪಾಪ, ಸ್ವತಂತ್ರವಾಗಿ ಬದುಕಿಕೊಳ್ಳಲಿ’ ಎಂದು ಸಮಾಧಾನವನ್ನೂ ಹೇಳಿಕೊಂಡರು. ಹೀಗೆ ಮಾಡಿದವನು ಒಬ್ಬನಲ್ಲ. ಜೊತೆಗೆ 1992ರ ಆಗಸ್ಟಿನಲ್ಲಿ ಬೀಸಿದ ಆಂಡ್ರ್ಯೂ ಚಂಡಮಾರುತ ಫ್ಲಾರಿಡಾದ ಹಾವು ಸಾಕಣೆ ಕೇಂದ್ರವೊಂದನ್ನು ಧ್ವಂಸ ಮಾಡಿದಾಗಲೂ ಅನೇಕ ಹಾವುಗಳು ತಪ್ಪಿಸಿಕೊಂಡವು ಎನ್ನುತ್ತಾರೆ.

ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಲ್ಲಿ ಎವರ್‌ಗ್ಲೇಡ್ಸ್ ಎಂಬ ವಿಶಾಲವಾದ ಜೌಗು ಪ್ರದೇಶವಿದೆ. 1947ರಿಂದ ಅದು ರಾಷ್ಟ್ರೀಯ ಉದ್ಯಾನ. ಬೆಚ್ಚಗಿನ ಹವೆ, ಎತ್ತರದ ಹುಲ್ಲು, ಬೇಕಾದಷ್ಟು ನೀರು. ಹೆಬ್ಬಾವಿಗೆ ಅದು ತವರಿನಂತೆಯೇ ಕಂಡಿರಬೇಕು. ಒಂದು ಹೆಣ್ಣು ಒಮ್ಮೆಗೆ 50ರಿಂದ 100 ಮೊಟ್ಟೆ ಇಡಬಲ್ಲದು. ಇಟ್ಟು ಹೋಗಿಬಿಡುವ ತಾಯಿಯೂ ಅಲ್ಲ ಅದು. ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ, ಮೈಯ ಸ್ನಾಯುಗಳನ್ನು ನಡುಗಿಸಿ ಶಾಖ ಹುಟ್ಟಿಸಿ ಕಾವು ಕೊಡುತ್ತದೆ. ಶೀತರಕ್ತದ ಪ್ರಾಣಿ ಹೀಗೆ ತಾನೇ ಶಾಖ ಉತ್ಪಾದಿಸುವುದು ಜೀವಲೋಕದ ಸೋಜಿಗಗಳಲ್ಲಿ ಒಂದು. 2000ದ ಹೊತ್ತಿಗೆ ಹೆಬ್ಬಾವು ಅಲ್ಲಿ ಸಂಸಾರ ಹೂಡಿ ನೆಲೆಯೂರಿದೆ ಎಂದು ವಿಜ್ಞಾನಿಗಳು ಒಪ್ಪಿಕೊಳ್ಳಬೇಕಾಯಿತು.

ಪರಿಣಾಮ ಏನಾಯಿತು? ವಿಜ್ಞಾನಿಗಳು ರಾತ್ರಿ ಹೊತ್ತು ಉದ್ಯಾನದ ರಸ್ತೆಗಳಲ್ಲಿ ಸಾಗುತ್ತ, ಕಣ್ಣಿಗೆ ಬಿದ್ದ ಪ್ರಾಣಿಗಳನ್ನು ಎಣಿಸಿದರು. 1996-97ರ ಎಣಿಕೆಯನ್ನು 2003ರಿಂದ 2011ರವರೆಗಿನ ಎಣಿಕೆಯ ಪಕ್ಕದಲ್ಲಿಟ್ಟು ನೋಡಿದರೆ ರಕೂನ್‌ಗಳು ಶೇಕಡಾ 99.3ರಷ್ಟು ಕಡಿಮೆಯಾಗಿದ್ದವು. ಮರಿಗಳನ್ನು ಹೊಟ್ಟೆಚೀಲದಲ್ಲಿ ಬೆಳೆಸುವ ಒಪೋಸಮ್‌ಗಳು ಶೇಕಡಾ 98.9ರಷ್ಟು, ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕುಗಳು ಶೇಕಡಾ 87.5ರಷ್ಟು ಇಳಿದಿದ್ದವು. ಮೊಲಗಳು ಒಂದೂ ಕಾಣಲಿಲ್ಲ. ಇದಕ್ಕೆ ಹಾವೇ ಕಾರಣವೋ, ಬೇರೆ ರೋಗ ರುಜಿನವೋ? ಸಂಶಯ ತೀರಿಸಿಕೊಳ್ಳಲು ಇನ್ನೊಂದು ತಂಡ ಜೌಗು ಮೊಲಗಳಿಗೆ ರೇಡಿಯೋ ಪಟ್ಟಿ ಕಟ್ಟಿ ಉದ್ಯಾನದೊಳಗೆ ಬಿಟ್ಟಿತು. ಸತ್ತ ಮೊಲಗಳಲ್ಲಿ ಶೇಕಡಾ 77ರಷ್ಟು ಹೆಬ್ಬಾವಿನ ಹೊಟ್ಟೆ ಸೇರಿದ್ದವೆಂದು 2015ರಲ್ಲಿ ವರದಿ ಬಂತು. ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇದನ್ನೇ. ಎರಡು ಸಂಗತಿಗಳು ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಪರೀಕ್ಷಿಸಿ ನೋಡಬೇಕು.

ಇಂಥ ಹೊತ್ತಿನಲ್ಲಿ ಸರ್ಕಾರ ಎಚ್ಚರಗೊಂಡಿತು. ಫ್ಲಾರಿಡಾ ರಾಜ್ಯ 2008ರಿಂದ ದೊಡ್ಡ ಹಾವು ಸಾಕುವವರಿಗೆ ವರ್ಷಕ್ಕೆ 100 ಡಾಲರಿನ ಲೈಸೆನ್ಸ್ ಕಡ್ಡಾಯ ಮಾಡಿತು. ಹಾವಿನ ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ ಗುರುತಿನ ಚಿಪ್ ಹಾಕಿಸಬೇಕೆಂದಿತು. ಮರುವರ್ಷವೇ ಅದೇ ರಾಜ್ಯದಲ್ಲಿ ಪೆಟ್ಟಿಗೆಯಿಂದ ತಪ್ಪಿಸಿಕೊಂಡ ಸಾಕು ಹೆಬ್ಬಾವೊಂದು ಮಲಗಿದ್ದ ಎರಡು ವರ್ಷದ ಮಗುವನ್ನು ಕೊಂದಿತು. ಆ ಮನೆಯಲ್ಲಿ ಲೈಸೆನ್ಸ್ ಇರಲಿಲ್ಲ. 2010ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 1900ರಷ್ಟು ಹಳೆಯದಾದ ಲೇಸಿ ಕಾಯಿದೆಯಡಿ ಒಂಬತ್ತು ಜಾತಿಯ ದೈತ್ಯ ಹಾವುಗಳ ಆಮದನ್ನೂ, ರಾಜ್ಯದಿಂದ ರಾಜ್ಯಕ್ಕೆ ಸಾಗಣೆಯನ್ನೂ ನಿಷೇಧಿಸುವ ಪ್ರಸ್ತಾವ ಹೊರಡಿಸಿ ಜನರ ಅಭಿಪ್ರಾಯ ಕೇಳಿತು.

ಹಾವು ಸಾಕುವವರು ಸಿಡಿದೆದ್ದರು. ಅವರೆಲ್ಲ ಬೇಜವಾಬ್ದಾರಿ ಜನ ಎಂದು ತಿಳಿಯಬೇಕಾಗಿಲ್ಲ. ಹಾವಿಗೆ ಎಷ್ಟು ಶಾಖ ಬೇಕು, ಎಷ್ಟು ತೇವ ಬೇಕು, ಯಾವಾಗ ಪೊರೆ ಬಿಡುತ್ತದೆ ಎಂಬುದನ್ನು ಅಕ್ಕರೆಯಿಂದ ಬರೆದಿಡುವವರು ಅವರಲ್ಲಿದ್ದರು. ಹಾವೆಂದರೆ ಕಲ್ಲೆತ್ತುವ ಮಕ್ಕಳಿಗೆ ಅದನ್ನು ಮುಟ್ಟಿಸಿ ಹೆದರಿಕೆ ಬಿಡಿಸಿದವರಿದ್ದರು. ಅವರ ವಾದದಲ್ಲಿ ತಿರುಳಿತ್ತು. ತಪ್ಪು ಮಾಡಿದವರು ಕೆಲವರು, ಶಿಕ್ಷೆ ಎಲ್ಲರಿಗೂ ಏಕೆ? ಫ್ಲಾರಿಡಾದ ಬೆಚ್ಚಗಿನ ಜೌಗಿನಲ್ಲಿ ಬದುಕುವ ಹಾವು ಹಿಮ ಬೀಳುವ ರಾಜ್ಯದಲ್ಲಿ ಬದುಕೀತೇ? ನಿಷೇಧ ಬರುತ್ತದೆಂದು ಹೆದರಿ ಇನ್ನಷ್ಟು ಜನ ಹಾವುಗಳನ್ನು ಕಾಡಿಗೆ ಬಿಟ್ಟರೆ ಏನು ಗತಿ?

ವಿಜ್ಞಾನಿಗಳಲ್ಲೂ ಒಮ್ಮತವಿರಲಿಲ್ಲ. 2008ರಲ್ಲಿ ಸರ್ಕಾರಿ ವಿಜ್ಞಾನಿಗಳ ನಕ್ಷೆ ಅಮೆರಿಕದ ಸುಮಾರು ಮೂರನೇ ಒಂದು ಭಾಗದ ಹವೆ ಈ ಹಾವಿಗೆ ಹೊಂದುತ್ತದೆಂದಿತು. ಅದೇ ವರ್ಷ ಮತ್ತೊಂದು ತಂಡ ಹೆಚ್ಚುಕಡಿಮೆ ದಕ್ಷಿಣ ಫ್ಲಾರಿಡಾ ಮಾತ್ರ ಹೊಂದುತ್ತದೆಂದು ಲೆಕ್ಕ ಹಾಕಿತು. 2010ರ ಜನವರಿಯಲ್ಲಿ ಪ್ರಕೃತಿಯೇ ಒಂದು ಪ್ರಯೋಗ ಮಾಡಿ ತೋರಿಸಿತು. ಎವರ್‌ಗ್ಲೇಡ್ಸ್‌ನಲ್ಲಿ ಅಪರೂಪದ ಚಳಿ ಬಿದ್ದು, ರೇಡಿಯೋ ಅಳವಡಿಸಿದ್ದ ಹತ್ತು ಹೆಬ್ಬಾವುಗಳಲ್ಲಿ ಒಂಬತ್ತು ಸತ್ತವು. ‘ನೋಡಿ, ಒಂಬತ್ತು ಸತ್ತವು’ ಎಂದರು ಸಾಕುವವರು. ಒಂದು ಉಳಿಯಿತಲ್ಲ, ನಾಳೆಯ ಸಂತಾನ ಹಾಗೆ ಉಳಿದವುಗಳದ್ದೇ ಎಂಬುದು ಎದುರು ಪಕ್ಷದ ಚಿಂತೆ.

2012ರಲ್ಲಿ ಒಂಬತ್ತರ ಪೈಕಿ ನಾಲ್ಕು ಜಾತಿಗಳನ್ನು ಪಟ್ಟಿಗೆ ಸೇರಿಸಲಾಯಿತು, 2015ರಲ್ಲಿ ಇನ್ನೂ ನಾಲ್ಕನ್ನು. ಕೊನೆಯದಾದ ಬೋವಾ ಹಾವನ್ನು ಕೈಬಿಟ್ಟರು. ಮನೆಯಲ್ಲಿದ್ದ ಹಾವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಅದನ್ನು ಸ್ವಂತ ರಾಜ್ಯದ ಗಡಿ ದಾಟಿಸಬಾರದು, ಅಷ್ಟೆ. ಕೇಳಲು ಸಣ್ಣ ಮಾತು. ಆದರೆ ಹತ್ತು ವರ್ಷ ಹಾವನ್ನು ಸಾಕಿದ ಕುಟುಂಬದ ಯಜಮಾನನಿಗೆ ಪಕ್ಕದ ರಾಜ್ಯಕ್ಕೆ ವರ್ಗವಾದರೆ? ಹಾವು ಬಿಡಬೇಕು, ಇಲ್ಲವೇ ಕೆಲಸ ಬಿಡಬೇಕು. ಒಂದು ತಪ್ಪನ್ನೂ ಮಾಡದವನಿಗೆ ಬಂದ ಸಂಕಟ ಇದು. ಸಾಕುವವರ ಸಂಘ ನ್ಯಾಯಾಲಯಕ್ಕೆ ಹೋಯಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ, ಒಳನಾಡಿನ 49 ರಾಜ್ಯಗಳ ನಡುವಿನ ಸಾಗಣೆಯನ್ನು ತಡೆಯಲು ಆ ಹಳೆಯ ಕಾಯಿದೆ ಅಧಿಕಾರ ಕೊಡುವುದಿಲ್ಲ ಎಂದು ತೀರ್ಪಿತ್ತಿತು. ಆಮದಿನ ನಿಷೇಧ ಉಳಿಯಿತು. ಫ್ಲಾರಿಡಾ ತನ್ನ ಸ್ವಂತ ನಿಯಮಗಳನ್ನು 2010ರಲ್ಲಿ ಒಮ್ಮೆ, 2021ರಲ್ಲಿ ಮತ್ತೊಮ್ಮೆ ಬಿಗಿ ಮಾಡಿತು.

ಹಾಗಾದರೆ ಗೆದ್ದವರು ಯಾರು? ಯಾರೂ ಅಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. 2000ದಿಂದೀಚೆಗೆ ಫ್ಲಾರಿಡಾದಲ್ಲಿ 23,000ಕ್ಕೂ ಹೆಚ್ಚು ಹೆಬ್ಬಾವುಗಳನ್ನು ಹಿಡಿದಿದ್ದಾರೆ. ಆದರೂ ಈಗಿರುವ ವಿಧಾನಗಳಿಂದ ಅಷ್ಟು ದೊಡ್ಡ ಪ್ರದೇಶದಲ್ಲಿ ಅವುಗಳನ್ನು ಪೂರ್ತಿ ನಿರ್ಮೂಲ ಮಾಡಲಾಗದು ಎಂಬುದು ವಿಜ್ಞಾನಿಗಳ ಅಭಿಪ್ರಾಯ. ಹುಲ್ಲಿನಲ್ಲಿ ಮಲಗಿದ ಹೆಬ್ಬಾವು ಕಾಲ ಬುಡದಲ್ಲಿದ್ದರೂ ಕಾಣುವುದಿಲ್ಲ. 2013ರಲ್ಲಿ ಬಹುಮಾನ ಇಟ್ಟು ಬೇಟೆಯ ಸ್ಪರ್ಧೆ ನಡೆಸಿದರು. ಸುಮಾರು 1,600 ಜನ ಒಂದು ತಿಂಗಳು ಹುಡುಕಿದರೂ ಸಿಕ್ಕದ್ದು 68 ಹಾವು.

2017ರಲ್ಲಿ ಅವರು ನೆರವು ಕೇಳಿದ್ದು ನಮ್ಮ ನೆರೆಯ ತಮಿಳುನಾಡಿನ ಇರುಳರನ್ನು. ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಎಂಬ ಇಬ್ಬರು ಅಲ್ಲಿಗೆ ಹೋಗಿ, ಎರಡು ವಾರ ತುಂಬುವುದರೊಳಗೆ 13 ಹೆಬ್ಬಾವುಗಳನ್ನು ಹಿಡಿದರು. ಹಾವು ಹರಿದ ಮಣ್ಣಿನ ಗುರುತನ್ನು ಓದುವ ವಿದ್ಯೆ ಅವರಿಗೆ ಅಜ್ಜ ಅಪ್ಪಂದಿರಿಂದ ಬಂದದ್ದು. 2023ರಲ್ಲಿ ಭಾರತ ಸರ್ಕಾರ ಇಬ್ಬರಿಗೂ ಪದ್ಮಶ್ರೀ ನೀಡಿತು. ಹಾವಿನ ಜೊತೆ ಬಾಳುವುದಕ್ಕೂ ಹಾವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಇರುವ ಅಂತರ ಇಲ್ಲಿ ತಿಳಿಯುತ್ತದೆ.

ಇಷ್ಟಕ್ಕೂ ಇದರಲ್ಲಿ ಹಾವಿನ ತಪ್ಪೇನಿದೆ? ಹೊಟ್ಟೆ ಹಸಿದಾಗ ತಿಂದಿತು, ಮೊಟ್ಟೆ ಇಟ್ಟು ಕಾವು ಕೊಟ್ಟಿತು. ವಿಪರ್ಯಾಸವೆಂದರೆ, ಫ್ಲಾರಿಡಾದಲ್ಲಿ ಹಿಡಿದು ಕೊಲ್ಲುತ್ತಿರುವ ಈ ಹಾವು ತನ್ನ ಸ್ವಂತ ನೆಲವಾದ ಆಗ್ನೇಯ ಏಷ್ಯದಲ್ಲಿ ಅಳಿವಿನ ಅಂಚಿನತ್ತ ಸರಿಯುತ್ತಿರುವ ಜೀವಿಗಳ ಪಟ್ಟಿಯಲ್ಲಿದೆ. ಇರಬೇಕಾದ ಕಡೆ ಕಡಿಮೆ, ಇರಬಾರದ ಕಡೆ ಹೆಚ್ಚು. ಇದು ಮನುಷ್ಯನ ಪೆಟ್ಟಿಗೆ ಮಾಡಿದ ಕೆಲಸ.

ಸರ್ಕಾರದ ಕ್ರಮಗಳಲ್ಲಿ ಮೆಚ್ಚಬೇಕಾದ ಒಂದು ಇದೆ. ಬೇಡವಾದ ಪ್ರಾಣಿಯನ್ನು ದಂಡವಿಲ್ಲದೆ, ಪ್ರಶ್ನೆಯಿಲ್ಲದೆ ತಂದೊಪ್ಪಿಸಬಹುದು ಎಂಬ ಏರ್ಪಾಡನ್ನು ಫ್ಲಾರಿಡಾ 2006ರಲ್ಲಿ ಶುರು ಮಾಡಿತು. ಹಾಗೆ ಬಂದ ಪ್ರಾಣಿಗೆ ಬೇರೊಬ್ಬ ತಿಳಿದ ಸಾಕಣೆದಾರನ ಮನೆ ಹುಡುಕುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಮಾತು ಇಲ್ಲಿಗೆ ಸಲ್ಲುತ್ತದೆ. ಬರೀ ಬೇಡ ಎನ್ನುವ ಕಾನೂನಿಗಿಂತ, ಬಿಡಲಾಗದವನಿಗೆ ದಾರಿ ತೋರಿಸುವ ಕಾನೂನು ಹೆಚ್ಚು ಕೆಲಸ ಮಾಡುತ್ತದೆ.

ನಮ್ಮಲ್ಲಿ ನಾಗರಹಾವು, ಹೆಬ್ಬಾವುಗಳಂಥ ದೇಶೀ ಹಾವುಗಳನ್ನು ಮನೆಯಲ್ಲಿ ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಿಡುವುದಿಲ್ಲ. ವಿದೇಶಿ ಪ್ರಾಣಿಗಳ ವಿಷಯದಲ್ಲಿ ಮಾತ್ರ ಬಹುಕಾಲ ಬಾಗಿಲು ಅರೆ ತೆರೆದೇ ಇತ್ತು. 2020ರಲ್ಲಿ ಕೇಂದ್ರ ಸರ್ಕಾರ, ಇಟ್ಟುಕೊಂಡವರು ತಾವಾಗಿ ಬಂದು ತಿಳಿಸಿ ಎಂದು ಅವಕಾಶ ಕೊಟ್ಟಿತು. 2022ರಲ್ಲಿ ಕಾಯಿದೆ ತಿದ್ದುಪಡಿಯಾಗಿ, 2024ರ ಫೆಬ್ರವರಿಯಲ್ಲಿ ನಿಯಮಗಳು ಬಂದವು. ಅಂತರರಾಷ್ಟ್ರೀಯ ಒಪ್ಪಂದದಡಿ ವ್ಯಾಪಾರಕ್ಕೆ ನಿಯಂತ್ರಣವಿರುವ ಪ್ರಾಣಿಗಳನ್ನು ಸಾಕುವವರು ಈಗ ನೋಂದಣಿ ಮಾಡಿಸಬೇಕು. ಮರಿ ಹುಟ್ಟಿದರೆ, ಪ್ರಾಣಿ ಸತ್ತರೆ, ಬೇರೆಯವರ ಕೈಗೆ ಹೋದರೆ ತಿಳಿಸಬೇಕು. ಇದನ್ನು ಕಿರುಕುಳ ಎನ್ನುವವರಿದ್ದಾರೆ. ಫ್ಲಾರಿಡಾದ ಕಾಡಿನಲ್ಲಿ ಬಿಟ್ಟ ಮೊದಲ ಹಾವಿಗೆ ಒಡೆಯನ ಹೆಸರು ಅಂಟಿದ್ದರೆ, ಆ ಕೈ ಕಾರಿನ ಬಾಗಿಲು ತೆರೆಯುವ ಮೊದಲು ಒಂದು ಕ್ಷಣ ತಡೆದು ನಿಲ್ಲುತ್ತಿತ್ತು ಎಂಬುದನ್ನು ಅವರು ನೆನೆಯಬೇಕು.

ಕಾನೂನು ಬರುವ ಮೊದಲೇ ಮನೆಯಲ್ಲೊಂದು ಕಾನೂನು ಇರಬೇಕು. ಮಗು ಒಂದು ಪ್ರಾಣಿಯನ್ನು ಕೇಳಿದಾಗ ತಂದೆ ತಾಯಿ ಬೆಲೆ ಕೇಳುವುದಕ್ಕೆ ಮುಂಚೆ ನಾಲ್ಕು ಪ್ರಶ್ನೆ ಕೇಳಲಿ. ಅದು ಎಷ್ಟು ದೊಡ್ಡದಾಗುತ್ತದೆ? ಎಷ್ಟು ವರ್ಷ ಬದುಕುತ್ತದೆ? ನೀನು ಹಾಸ್ಟೆಲಿಗೆ ಹೋದ ಮೇಲೆ ಯಾರು ನೋಡಿಕೊಳ್ಳುತ್ತಾರೆ? ಇಟ್ಟುಕೊಳ್ಳಲು ಆಗದಿದ್ದರೆ ಎಲ್ಲಿಗೆ ಒಪ್ಪಿಸುತ್ತೀಯೆ? ಉತ್ತರವಿದ್ದರೆ ಮುಂದಿನ ಮಾತು.

ಹಾವಿನ ಮೇಲೆ ನಿಜವಾದ ಪ್ರೀತಿಯಿರುವ ಮಗುವಿಗೆ ನಿರಾಸೆಯಾಗಬೇಕಿಲ್ಲ. ಮುಂಗಾರು ಬಿದ್ದ ಮೇಲೆ ಗದ್ದೆಯ ಬದುವಿನಲ್ಲಿ ಸ್ವಲ್ಪ ಹೊತ್ತು ಸದ್ದು ಮಾಡದೆ ನಿಂತರೆ ಇಲಿಯ ಬಿಲ ಹುಡುಕಿಕೊಂಡು ಹೋಗುವ ಕೇರೆಹಾವು ಕಂಡೀತು. ಅದಕ್ಕೆ ಪೆಟ್ಟಿಗೆ ಬೇಡ, ನೋಂದಣಿ ಬೇಡ. ನೋಡುವವನು ಹತ್ತು ಹೆಜ್ಜೆ ದೂರ ನಿಂತು ದಾರಿ ಬಿಟ್ಟರೆ ಸಾಕು.